ಮರಳೇಡಿ ಬಾಗಿಲು ಬಿಟ್ಟು ಹಲಿ ಹಾಕುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಒಣಗಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಕಡಲಿಗೆ ಏರಿಳಿತ ಎಂಬುದೇ ಇರಲಿಲ್ಲ. ಅಲೆ ಇರಲಿಲ್ಲ, ನೊರೆ ಇರಲಿಲ್ಲ, ಈಗಿನ ಈ ಮೊರೆತವೂ ಇರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಹಾಗೆ ಕಡಲು ತನ್ನ ಪಾಡಿಗೆ ತಾನು ಕೂತಿತ್ತು. ದಂಡೆಯ ಜನ ಅದರ ಮಗ್ಗುಲಲ್ಲೇ ಗುಡಿಸಲು ಕಟ್ಟಿಕೊಂಡಿದ್ದರು. ಅದನ್ನು ಕಡಲಜ್ಜ ಎಂದು ಕರೆಯುತ್ತಿದ್ದರು.

ಕಡಲಜ್ಜ ಒಳ್ಳೆಯವನೇ. ಆದರೆ ಕಣ್ಣು ಮಂಜು. ದೋಣಿಗಳನ್ನು ಬೆನ್ನ ಮೇಲೆ ಹೊತ್ತು ದಂಡೆಗೆ ತರುವವನು ಅವನೇ. ಯಾರ ಮನೆ ಯಾವುದೆಂದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ. ಇವರ ಮನೆಯವನನ್ನು ಅವರ ಮನೆ ಮುಂದೆ ಇಳಿಸುತ್ತಿದ್ದ. ಅವರ ಮನೆಯವನನ್ನು ಇನ್ಯಾವುದೋ ಊರಿಗೆ ಮುಟ್ಟಿಸುತ್ತಿದ್ದ. ದಿನಾ ರಂಪ, ದಿನಾ ಬೈಗುಳ.

ಕೊನೆಗೆ ಕಡಲಜ್ಜನೇ ದಂಡೆಯ ಹೆಂಗಸರನ್ನು ಕರೆದು ಹೇಳಿದ: "ಮಕ್ಕಳೇ, ನಂಗೆ ಕಪ್ಪು ಕೆಂಪು ಕಾಣೂದಿಲ್ಲ. ಬಿಳಿ ಒಂದು ಕಾಣ್ತದೆ. ಅಂಗಳದಲ್ಲಿ ಬಿಳೀ ಹಲಿ ಹಾಕಿ. ಮನೆಯವ್ರು ನೀರಿನ ಮೇಲಿದ್ರೆ ಹಲಿಗೆ ಒಂದು ಬಾಗಿಲು ಬಿಡಿ. ಎಲ್ರೂ ಮನೆ ಸೇರಿದ ಮೇಲೆ ಮುಚ್ಚಿ. ಬಾಗಿಲು ಕಂಡಲ್ಲಿ ನಾ ಇಳಿಸ್ತೆ. ಮುಚ್ಚಿದ್ದಲ್ಲಿ ಇಳಿಸೂದಿಲ್ಲ. ಮುಚ್ಚಿದ ಮನೆಗೆ ನುಗ್ಗೂದು ಚಂದ ಅಲ್ಲ."

ಹಲಿ ಅಂದರೆ ಚಿತ್ತಾರ. ನೆಲಕ್ಕೆ ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿ ಎಂಬ ಬಿಳಿ ಮಣ್ಣನ್ನು ಕಲಸಿ ಬೆರಳಿನಿಂದ ಬಿಡಿಸುವುದು. ಅಂದಿನಿಂದ ದಂಡೆಯ ಒಂದೊಂದು ಮನೆಯ ಮುಂದೆ ಒಂದೊಂದು ಹಲಿ ಮೂಡಿತು. ಗಂಡಸರು ದೋಣಿ ನೂಕಿದ ಕೂಡಲೇ ಹೆಂಗಸರು ಗೆರೆಯಲ್ಲಿ ಬಾಗಿಲು ಬಿಡುವರು. ದೋಣಿಯವನು ಬಂದು, ಆ ಬಾಗಿಲಲ್ಲೇ ಕಾಲಿಟ್ಟು ಒಳಗೆ ಹೋದ ಮೇಲೆ ಮುಚ್ಚುವರು. ಯಾರೂ ದಾರಿ ತಪ್ಪಲಿಲ್ಲ. ರಂಪ ನಿಂತಿತು.

ಆ ದಂಡೆಯಲ್ಲಿ ಕುಸಲಿ ಎಂಬವಳಿದ್ದಳು. ಅಪ್ಪ ಇಲ್ಲ, ಅವ್ವೆ ಇಲ್ಲ. ಜಟ್ಟು ಎಂಬ ತಮ್ಮನೊಬ್ಬ. ಅವನನ್ನು ಸೊಂಟದಲ್ಲಿ ಹೊತ್ತು, ಗಂಜಿ ಕುಡಿಸಿ, ಬೈದು, ಮುದ್ದಿಸಿ ಬೆಳೆಸಿದವಳು ಅವಳೇ. ಈಗ ಅವನು ಅವಳಿಗಿಂತ ಎತ್ತರ. ಆದರೂ ದೋಣಿ ಹತ್ತುವ ಮುಂಚೆ ಅಕ್ಕನ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಅವಳು ತಲೆಗೆ ಎಣ್ಣೆ ತಿಕ್ಕದೆ ಬಿಡುತ್ತಿರಲಿಲ್ಲ.

ಕುಸಲಿಯ ಕೈ ಅಂದರೆ ಕೈ. ಊರ ಹೆಂಗಸರ ಗೆರೆ ಅಂಕುಡೊಂಕು. ಅವಳದು ನೂಲು ಎಳೆದ ಹಾಗೆ. ನಡುವೆ ಒಂದು ಬೊಟ್ಟು, ಅದರ ಸುತ್ತ ಬೊಟ್ಟುಗಳ ಸಾಲು, ಸಾಲಿನ ಸುತ್ತ ಸಾಲು. ಹೊಗಳಿದರೆ ಬಾಯಲ್ಲಿ "ಹೋಗೇ" ಅನ್ನುತ್ತಿದ್ದಳು, ಒಳಗೊಳಗೆ ಉಬ್ಬುತ್ತಿದ್ದಳು. ತಪ್ಪೇನಲ್ಲ ಬಿಡಿ. ಬೇರೆ ಏನಿತ್ತು ಅವಳ ಬಳಿ ಉಬ್ಬಲಿಕ್ಕೆ?

ಅವಳಿಗೆ ಸಿಟ್ಟು ಬರಿಸುವವನು ಒಬ್ಬನೇ, ಗಾಳಿ. ಅವನಿಗೆ ಸುಳ್ಳು ಹೇಳುವುದೇ ಕಸುಬು. "ಕುಸಲೀ, ತಮ್ಮ ಬಂದ!" ಎಂದು ಕೂಗುವನು. ಅವಳು ಕೈಯಲ್ಲಿ ಸೌಟು ಹಿಡಿದೇ ನೀರಿನ ತನಕ ಓಡಿದರೆ ಅಲ್ಲಿ ಯಾರೂ ಇಲ್ಲ. ಗಾಳಿ ತೆಂಗಿನ ಗರಿಯೊಳಗೆ ಕೂತು ಕಿಸಿಕಿಸಿ ನಗುವನು.

"ತಮಾ, ಗಾಳಿ ಮಾತು ಯಾವತ್ತೂ ನಂಬಬೇಡ," ಎಂದು ಕುಸಲಿ ತಮ್ಮನಿಗೆ ಹೇಳಿಕೊಟ್ಟಿದ್ದಳು. "ಹಲಿ ನೋಡು. ಹಲಿ ಸುಳ್ಳು ಹೇಳೂದಿಲ್ಲ. ಬಾಗಿಲು ಬಿಟ್ಟಿದ್ರೆ ಅದು ನಿನ್ನ ಮನೆ. ನೀ ಬರೂ ತನಕ ನಾ ಮುಚ್ಚೋಳಲ್ಲ."

ಆ ವರ್ಷ ಗದ್ದೆಕೇರಿಯ ಜನ ಮೊಟ್ಟಮೊದಲು ಸುಗ್ಗಿ ಕುಣಿತ ಕಟ್ಟಿದರು. ತಲೆಗೆ ಬೆಂಡಿನ ಹೂವಿನ ತುರಾಯಿ, ಕೈಯಲ್ಲಿ ನವಿಲುಗರಿಯ ಕುಂಚ, ಬಡಿಯಲಿಕ್ಕೆ ಗುಮಟೆ. ಮನೆ ಮನೆಯ ಅಂಗಳದಲ್ಲಿ ಕುಣಿಯುತ್ತಾ ದಂಡೆಗೂ ಬರುತ್ತೇವೆ ಎಂದು ಹೇಳಿ ಕಳಿಸಿದರು. ಬಂದವರಿಗೆ ಮೀನು ಹಾಕದೆ ಕಳಿಸುವುದುಂಟೇ? ಜಟ್ಟು ದೋಣಿ ನೂಕಿದ.

"ಸುಗ್ಗಿಯವ್ರು ಬರೂಕೆ ಮುಂಚೆ ಬತ್ತೆ ಅಕ್ಕಾ," ಅಂದ.

ಅವಳು ತಲೆಗೆ ಎಣ್ಣೆ ತಿಕ್ಕಿದಳು. ಹಲಿಗೆ ಬಾಗಿಲು ಬಿಟ್ಟಳು.

ಸುಗ್ಗಿಯವರು ಬರುವ ದಿನ ಬಂತು. ಜಟ್ಟು ಬರಲಿಲ್ಲ. ಬೆಳಗಾತ ಎದ್ದು ಕುಸಲಿ ಅಂಗಳಕ್ಕೆ ಹೊಸ ಕೆಮ್ಮಣ್ಣು ಬಳಿದಳು, ಹೊಸ ಶೇಡಿ ಕಲಸಿದಳು. ಅಂಥ ಹಲಿಯನ್ನು ಅವಳು ಅದುವರೆಗೆ ಹಾಕಿರಲಿಲ್ಲ. ಬೊಟ್ಟಿನ ಸುತ್ತ ಸಾಲು, ಸಾಲಿನ ಸುತ್ತ ಸಾಲು, ಅಂಗಳ ತುಂಬುವಷ್ಟು. ಕಡಲಿನ ಕಡೆಗೆ ಮಾತ್ರ ಒಂದು ಬಾಗಿಲು.

ಪಕ್ಕದ ಮನೆಯ ಮಂಕಾಳಿ ನೀರಿಗೆ ಹೊರಟವಳು ಕೊಡ ಇಳಿಸಿ ನಿಂತಳು. "ಎಂಥಾ ಕೈಯೇ ನಿಂದು! ಆ ಒಂದು ಕಡೆ ಮಾತ್ರ ಹಲ್ಲು ಬಿದ್ದ ಬಾಯಿ ಹಂಗೆ ಕಾಣ್ತದೆ ನೋಡು."

"ತಮ್ಮ ನೀರಿನ ಮೇಲಿದ್ದಾನೆ. ಮರ್ತ್ಯಾ?"

"ಮರೀಲಿಲ್ಲ ಮಾರಾಯ್ತಿ. ಕಂಡದ್ದು ಹೇಳ್ದೆ," ಎಂದು ಮಂಕಾಳಿ ಕೊಡ ಎತ್ತಿಕೊಂಡು ಹೋದಳು.

ಅಷ್ಟೇ ಆದದ್ದು. ಅವಳು ಹೋದ ಮೇಲೆ ಕುಸಲಿ ಹಲಿಯನ್ನು ನೋಡಿದಳು. ಆಮೇಲೆ ಎಷ್ಟು ನೋಡಿದರೂ ಆ ಬಾಗಿಲೊಂದೇ ಕಣ್ಣಿಗೆ ಬಿತ್ತು. ಗದ್ದೆಯ ಕಡೆಯಿಂದ ಗುಮಟೆಯ ದನಿ ಕೇಳಿಸಿತು. ಊರೆಲ್ಲ ನೋಡುತ್ತದೆ. ಗದ್ದೆಕೇರಿಯವರು ನೋಡುತ್ತಾರೆ. ಹಲ್ಲು ಬಿದ್ದ ಬಾಯಿ.

"ಕುಣಿತ ಮುಗಿಯೂ ತನಕ ಅಷ್ಟೇ," ಎಂದು ತನಗೇ ಹೇಳಿಕೊಂಡಳು. "ಅವ್ರು ಅತ್ತ ಹೋದ ಕೂಡ್ಲೆ ಅಳಿಸ್ತೆ."

ಬೆರಳನ್ನು ಶೇಡಿಯಲ್ಲಿ ಅದ್ದಿ, ಗೆರೆಗೆ ಗೆರೆ ಸೇರಿಸಿದಳು. ಹಲಿ ತುಂಬಿತು. ಎಲ್ಲೂ ಕುಂದಿಲ್ಲ, ಕೊರತೆಯಿಲ್ಲ. ಅವಳಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ತುಂಬಾ ಖುಷಿಯಾಯಿತು.

ಸುಗ್ಗಿಯವರು ಬಂದರು. ತುರಾಯಿ ಕುಣಿಸುತ್ತಾ, ಕುಂಚ ಬೀಸುತ್ತಾ, "ಹೋ ಹೋ" ಎಂದು ಕೂಗುತ್ತಾ ಹಲಿಯ ಸುತ್ತ ಕುಣಿದರು. ಮುಂದಾಳು ಮುದುಕ ಕುಣಿಯುವುದನ್ನೇ ಮರೆತು ನಿಂತುಬಿಟ್ಟ. "ಇಂಥಾ ಹಲಿ ನಾ ಎಲ್ಲೂ ಕಂಡಿಲ್ಲ ತಂಗಿ. ಬಡೀರೋ ಗುಮಟೆ! ಇದಕ್ಕೆ ಇನ್ನೊಂದು ಸುತ್ತು ಕುಣಿಲೇಬೇಕು!"

ಗುಮಟೆ ಇನ್ನೂ ಜೋರಾಯಿತು. ಆಗ ಗಾಳಿ ಓಡಿ ಬಂದು ಕುಸಲಿಯ ಸೆರಗು ಜಗ್ಗಿದ. "ಕುಸಲೀ, ನಿನ್ನ ತಮ್ಮ ಕರೀತಾ ಇದ್ದಾನೆ."

"ಹೋಗಾ, ಸುಳ್ಳ."

"ಇವತ್ತು ಸುಳ್ಳಲ್ಲ. ಅಕ್ಕಾ ಅಕ್ಕಾ ಅಂತಾ ಇದ್ದಾನೆ. ಕಿವಿ ಕೊಡು."

ಕುಸಲಿ ಕಿವಿ ಕೊಟ್ಟಳು. ಗುಮಟೆಯ ಹೊರತು ಏನೂ ಕೇಳಿಸಲಿಲ್ಲ. ನೀರಿನ ಕಡೆ ನೋಡೋಣವೆಂದರೆ ಎದುರಿಗೆ ಬರೀ ತುರಾಯಿಗಳು. "ಊರೆಲ್ಲ ನೋಡ್ತಾ ಇರೂವಾಗ ನನ್ನ ಓಡಿಸ್ಬೇಕು ನಿಂಗೆ, ಅಲ್ದಾ?" ಎಂದು ಸೆರಗು ಕಿತ್ತುಕೊಂಡಳು.

ಕುಣಿತ ಮುಗಿಯಿತು. ಸುಗ್ಗಿಯವರು ಮುಂದಿನ ಮನೆಗೆ ಹೋದರು. ಕುಸಲಿ ಕೂಡಲೇ ಬಗ್ಗಿ, ಅಂಗೈಯಿಂದ ಗೆರೆ ಅಳಿಸಿ, ಬಾಗಿಲು ಬಿಟ್ಟಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಿಸಿಲು ಇಳಿಯಿತು. ಜಟ್ಟು ಬರಲಿಲ್ಲ. ಗಾಳಿಯೂ ಸದ್ದಿಲ್ಲದೆ ಗರಿಯ ಕೆಳಗೆ ಕೂತಿದ್ದ. ಅದನ್ನು ಕಂಡು ಕುಸಲಿ ನೀರಿಗೆ ಓಡಿದಳು.

"ಅಜ್ಜಾ, ನನ್ನ ತಮ್ಮ ಎಲ್ಲಿ?"

ಕಡಲಜ್ಜ ಹೇಳಿದ: "ಒಬ್ಬ ಹುಡುಗ ಬಂದಿದ್ದ. ದೋಣಿ ತುಂಬಾ ಮೀನು. ಇದು ನಮ್ಮ ಮನೆ, ಇಲ್ಲಿ ಇಳಿಸು ಅಂದ. ನಾ ಕಣ್ಣು ಕಿರಿದು ಮಾಡಿ ನೋಡ್ದೆ. ಹಲಿ ಮುಚ್ಚಿತ್ತು. ಆ ಮನೆಯವ್ರೆಲ್ಲಾ ಒಳಗೇ ಇದ್ದಾರೆ ಮಗಾ ಅಂದೆ."

"ಅವ ಏನಂದ?"

"ಅವನೂ ನೋಡ್ದ. ಗೆರೆ ಅಕ್ಕನ ಗೆರೆ ಹಂಗೇ ಅದೆ ಅಂದ. ಅಕ್ಕಾ ಅಂತ ಕರ್ದ. ಯಾರೂ ಓ ಅನ್ಲಿಲ್ಲ. ತಲೆ ಮೇಲೆ ಹೂ ಹೊತ್ತವ್ರು ಯಾರೋ ಕುಣೀತಾ ಇದ್ರು, ಇವ್ರನ್ನ ನಾ ಕಂಡಿಲ್ಲ ಅಂದ. ಆಮೇಲೆ ಹೇಳ್ದ, ನಮ್ಮಕ್ಕ ನಾ ಬರೂ ತನಕ ಹಲಿ ಮುಚ್ಚೋಳಲ್ಲ ಅಜ್ಜಾ. ಇದು ಬೇರೆ ಯಾರದ್ದೋ ಮನೆ. ನಮ್ಮ ದಂಡೆ ಇನ್ನೂ ಮುಂದಿರ್ಬೇಕು ಅಂತ. ಹುಟ್ಟು ಹಾಕ್ತಾ ಹೋದ."

ಕುಸಲಿ ಅಲ್ಲೇ ಕೂತು ಅತ್ತಳು. ತಮ್ಮ ಅವಳನ್ನು ಒಂದಿಷ್ಟು ಕಡಿಮೆ ನಂಬಿದ್ದರೆ ಆ ಹೊತ್ತಿಗೆ ಮನೆಯಲ್ಲಿ ಕೂತು ಉಣ್ಣುತ್ತಿದ್ದ.

"ಅಳಬೇಡ," ಎಂದ ಕಡಲಜ್ಜ. "ನಾ ಹುಡುಕಿ ತತ್ತೆ. ನೀ ಬಾಗಿಲು ಬಿಟ್ಟು ಹಲಿ ಹಾಕು."

ಲೋಕ ಹುಟ್ಟಿದ ಮೇಲೆ ಮೊದಲ ಸಲ ಕಡಲಜ್ಜ ಕೂತಲ್ಲಿಂದ ಎದ್ದ. ನೀರೆಲ್ಲ ಸರಸರ ಹಿಂದೆ ಹೋಯಿತು. ಅದುವರೆಗೆ ಯಾರೂ ಕಾಣದ ಒದ್ದೆ ಮರಳು ಬಯಲಾಯಿತು. ಜನ ಹೆದರಿ ಕೂಗಿದರು. ಕುಸಲಿ ಹೆದರಲಿಲ್ಲ. ಶೇಡಿಯ ಮಡಕೆ ಹಿಡಿದು ಆ ಒದ್ದೆ ಮರಳಿಗೆ ಇಳಿದಳು. ಬೊಟ್ಟು ಇಟ್ಟಳು, ಸಾಲು ಎಳೆದಳು, ದೊಡ್ಡ ಬಾಗಿಲು ಬಿಟ್ಟಳು.

ಕಡಲಜ್ಜ ಮರಳಿ ಬಂದ. ದೂರದಲ್ಲಿ ಒಂದು ದೋಣಿ. ಜಟ್ಟುವೇ! ಕುಸಲಿ ಎರಡೂ ಕೈ ಎತ್ತಿ ಕೂಗಿದಳು. ಆದರೆ ಎದ್ದು ನಡೆದ ಕಡಲು ಮೊರೆಯುತ್ತಿತ್ತು. ಅವಳ ದನಿ ಅವಳಿಗೇ ಕೇಳಲಿಲ್ಲ. ಮಂಜುಗಣ್ಣಿನ ಅಜ್ಜ ಬಾಗಿಲು ಹುಡುಕುತ್ತಾ ಇನ್ನೂ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಅವನ ಕಾಲು ಹಲಿಯ ಮೇಲೆ ಬಿತ್ತು. ಹಲಿ ಅಳಿಸಿ ಹೋಯಿತು.

"ಕುಸಲೀ, ಬಾಗಿಲು ಎಲ್ಲಿ? ಹಲಿಯೇ ಕಾಣ್ತಿಲ್ಲ!"

"ನಿನ್ನ ಕಾಲ ಕೆಳಗೆ ಅಜ್ಜಾ! ಕಾಲು ತೆಗಿ!"

ಅವನಿಗೆ ಕೇಳಲಿಲ್ಲ. ಕುಸಲಿ ಗಾಳಿಯ ಕಡೆ ತಿರುಗಿ ಕೈಮುಗಿದಳು. ಗಾಳಿ ಉಸಿರು ಬಿಗಿಹಿಡಿದು ದೋಣಿಯತ್ತ ಓಡಿದ. ಹೋದ ಹಾಗೇ ತಿರುಗಿ ಬಂದ. ಅವನ ದನಿಯಲ್ಲಿ ನಗು ಇರಲಿಲ್ಲ.

"ಹೇಳ್ದೆ ಕುಸಲೀ. ಇದೇ ನಿನ್ನ ದಂಡೆ, ಅಲ್ಲಿ ನಿಂತವಳೇ ನಿನ್ನ ಅಕ್ಕ ಅಂತ ಹೇಳ್ದೆ. ಗಾಳಿ ಮಾತು ನಂಬಬೇಡ ಅಂತ ಅಕ್ಕ ಹೇಳಿದ್ದಾಳೆ ಅಂದ. ದೋಣಿ ತಿರುಗಿಸ್ದ."

ಅವಳು ಆ ದೋಣಿಯನ್ನು ಕಂಡದ್ದು ಅದೇ ಕೊನೆ.

ಕಡಲಜ್ಜ ಮಾತು ಕೊಟ್ಟವನು, ಬಿಡಲಿಲ್ಲ. ಮತ್ತೆ ಹುಡುಕಲು ಹೋದ, ಮತ್ತೆ ಬಂದ. ಅವನು ಹೋದಾಗೆಲ್ಲ ಕುಸಲಿ ಹಲಿ ಹಾಕಿದಳು. ಅವನು ಬಂದಾಗೆಲ್ಲ ಹಲಿ ಅಳಿಯಿತು. ಅವನು ಬಾರದೆ ಬಾಗಿಲು ಕಾಣುವಂತಿಲ್ಲ, ಬಂದರೆ ಬಾಗಿಲು ಉಳಿಯುವಂತಿಲ್ಲ.

"ಅಜ್ಜಾ, ತಮ್ಮ ನಿನ್ನ ಬೆನ್ನ ಮೇಲಿದ್ದಾನೋ, ಹೊಟ್ಟೆ ಒಳಗಿದ್ದಾನೋ?" ಎಂದು ಒಮ್ಮೆ ಕೇಳಿದಳು. ಕಡಲಜ್ಜ ಎದ್ದು ಹುಡುಕಲು ಹೊರಟ. ಅವಳು ಮತ್ತೆ ಕೇಳಲಿಲ್ಲ.

ಊರಿನವರು ಗುಡಿಸಲು ಕಿತ್ತು ತೆಂಗಿನ ಸಾಲಿನ ಆಚೆ ಕಟ್ಟಿಕೊಂಡರು. ಮಂಕಾಳಿ ಗಂಜಿ ಹಿಡಿದು ಬಂದು ಅತ್ತಳು. "ನನ್ನ ನಾಲಿಗೆಗೆ ಬೆಂಕಿ ಬೀಳ. ಏಳೇ, ಎರಡು ಗುಟುಕು ಕುಡಿ."

"ನೀ ಕಂಡದ್ದು ಹೇಳ್ದೆ," ಅಂದಳು ಕುಸಲಿ ತಲೆ ಎತ್ತದೆ. "ಮುಚ್ಚಿದ್ದು ನನ್ನ ಕೈ."

ಅವಳು ಏಳಲಿಲ್ಲ. ಗಂಜಿ ತಣ್ಣಗಾಯಿತು. ಮಡಕೆಯ ಶೇಡಿ ತೀರಿತು. ಶೇಡಿ ತರಲು ಹೋದರೆ ಅಷ್ಟರಲ್ಲಿ ಅಜ್ಜ ಬಂದುಬಿಟ್ಟರೆ? ಒದ್ದೆ ಮರಳನ್ನೇ ಬಾಯಿಗೆ ಹಾಕಿ, ಉಂಡೆ ಮಾಡಿ, ಬೊಟ್ಟು ಬೊಟ್ಟಾಗಿ ಇಡತೊಡಗಿದಳು. ಬಗ್ಗಿದ ಬೆನ್ನು ಬಗ್ಗಿದ ಹಾಗೇ ಗಟ್ಟಿಯಾಯಿತು. ಮೈ ಕುಗ್ಗಿತು, ಕುಗ್ಗುತ್ತಾ ಕುಗ್ಗುತ್ತಾ ಉಗುರಿನಷ್ಟಾಯಿತು. ಬೆರಳುಗಳು ಕಾಲುಗಳಾದವು. ನೀರಿನ ಕಡೆ ನೋಡಿ ನೋಡಿ ಕಣ್ಣುಗಳು ಕಡ್ಡಿಯ ತುದಿಗೆ ಬಂದು ನಿಂತವು. ಅಜ್ಜ ಬಂದಾಗ ಮರಳಿನ ತೂತಿನಲ್ಲಿ ಅಡಗಿದಳು, ಹೋದಾಗ ಎದ್ದು ಬಂದಳು. ಅವಳು ಏಡಿಯಾದದ್ದು ಯಾವಾಗ ಎಂದು ಯಾರೂ ನೋಡಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಪುರಸೊತ್ತು ಎಲ್ಲಿತ್ತು?

ಮಗಾ, ನೀರು ಇಳಿದ ಹೊತ್ತಿನಲ್ಲಿ ದಂಡೆಗೆ ಹೋದರೆ ಈಗಲೂ ನೋಡುತ್ತೀ, ಉಗುರಿನಷ್ಟು ಚಿಕ್ಕ ಮರಳೇಡಿಯೊಂದು ತನ್ನ ತೂತಿನ ಸುತ್ತ ಮರಳಿನ ಉಂಡೆಗಳನ್ನು ಸಾಲುಸಾಲಾಗಿ ಇಟ್ಟು ಹಲಿ ಹಾಕುತ್ತಿರುತ್ತದೆ, ಒಂದು ಕಡೆ ತಪ್ಪದೆ ಬಾಗಿಲು ಬಿಟ್ಟಿರುತ್ತದೆ, ಮತ್ತೆ ಆ ಬಾಗಿಲಲ್ಲಿ ಕಡಲಿನ ನೀರಲ್ಲದೆ ಬೇರೆ ಯಾರೂ ಇದುವರೆಗೆ ಒಳಗೆ ಬಂದಿಲ್ಲ.