ಕೋಡಿಯ ಪಕ್ಕದ ಕಲ್ಲು

"ಅಜ್ಜಾರ, ನಾಳೆ ಆ ಊರಾಗ ಮಂದಿ ನನ್ನ ಮುಂದ ಕುಂತು, ಮನುಷ್ಯಾನ ಒಳಗ ಏನರ ಐತೇನು ಅಂತ ಕೇಳ್ತಾರ. ನಾ ಏನ ಹೇಳ್ಲಿ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಹನ್ನೆರಡು ವರ್ಷದಿಂದ ಆ ಮಠದ ಶಿಷ್ಯ. ಮಠದ ಗುರುಗಳನ್ನು ಆ ಸೀಮೆಯವರು ಅಜ್ಜಾರು ಎಂದೇ ಕರೆಯುತ್ತಾರೆ. ಎರಡು ಹರದಾರಿ ದೂರದ ಊರಿನವರು ತಮ್ಮ ಚಿಕ್ಕ ಮಠಕ್ಕೆ ಒಬ್ಬರನ್ನು ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಅಡವಯ್ಯನೇ ಹೋಗಲಿ ಎಂದು ಅಜ್ಜಾರು ಒಪ್ಪಿಗೆ ಕೊಟ್ಟಿದ್ದರು. ಅವನ ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು.

"ನಿನಗ ಗೊತ್ತಿದ್ದದ್ದು ಹೇಳು," ಎಂದರು ಅಜ್ಜಾರು.

"ನೀವು ಹೇಳಿದಂಗ ಹನ್ನೆರಡು ವರ್ಷ ಕಣ್ಣು ಮುಚ್ಚಿ ಕುಂತು ನನ್ನ ಒಳಗ ಹುಡುಕೀನ್ರಿ. ಏನೂ ಇಲ್ಲ. ಇಲ್ಲ ಅಂತನ ಹೇಳಾಂವ ಅದೀನಿ. ಇದ್ದಿದ್ದರ ಸಿಗತಿದ್ದಿಲ್ಲೇನ್ರಿ?"

ಅಜ್ಜಾರಿಗೆ ಸಿಟ್ಟು ಬರಲಿಲ್ಲ. ಕೂಡು ಎಂದು ಕೈ ಮಾಡಿದರು. ಅಡವಯ್ಯ ಕೂತ. ಅವರು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗುವುದು ಅವನ ಕಸುಬು. ತಿರುಗುವ ದಾರಿಯಲ್ಲಿ ಹಳೆಯ ಸರ್ವೇ ಕಲ್ಲು ಹುಡುಕುವುದು ಅವನ ಹವ್ಯಾಸ. ಹೆಂಡತಿ ಅದನ್ನು ಹುಚ್ಚು ಎನ್ನುತ್ತಿದ್ದಳು. ಬಳೆ ಮಾರಲು ಹೋದ ಗಂಡ ಮೈತುಂಬ ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ಯಾವ ಹೆಂಡತಿಯಾದರೂ ಇನ್ನೇನು ಅನ್ನಬೇಕು?

ಅವನಿಗೆ ಈ ಗೀಳು ಹತ್ತಿಸಿದವನು ಪಕ್ಕದ ಮನೆಯ ಒಬ್ಬ ಮುದಿ ಮೋಜಣಿದಾರ, ನೆಲ ಅಳೆಯುವ ಕೆಲಸ ಮಾಡಿದವನು. ಹಿಂದಿನ ಕಾಲದಲ್ಲಿ ಸರ್ವೇದವರು ನೆಲದ ಎತ್ತರ ಅಳೆದು ಅಲ್ಲಲ್ಲಿ ಕಲ್ಲು ನೆಟ್ಟಿದ್ದರು. ಕಲ್ಲಿನ ಮೇಲೆ ಒಂದು ಅಡ್ಡಗೆರೆ, ಗೆರೆಗೆ ತಾಗಿದಂತೆ ಒಂದು ಬಾಣ. ಮುಂದೆ ಕೆರೆಯನ್ನೋ ಕಾಲುವೆಯನ್ನೋ ಕಟ್ಟುವವರು ಆ ಗೆರೆಯಿಂದ ಅಳೆದುಕೊಂಡರೆ ಎತ್ತರ ತಪ್ಪುತ್ತಿರಲಿಲ್ಲ. ಕಾಲ ಕಳೆದಂತೆ ಕಲ್ಲುಗಳ ಸುತ್ತ ಮುಳ್ಳುಕಂಟಿ ಬೆಳೆಯಿತು. ಅವು ಎಲ್ಲಿವೆ ಎಂದು ಕೇಳುವವರೂ ಇಲ್ಲದಾದರು. ಮೋಜಣಿದಾರನ ಹತ್ತಿರ ಮಾತ್ರ ಅವುಗಳ ಹಳೆಯ ಪಟ್ಟಿಯೊಂದು ಉಳಿದಿತ್ತು. ಬಳೆಗಾರ ಅದನ್ನು ಒಂದು ಪುಸ್ತಕದಲ್ಲಿ ಅಕ್ಷರ ಬಿಡದೆ ನಕಲು ಮಾಡಿಕೊಂಡ.

ಪಟ್ಟಿ ಕೊಡುವಾಗ ಮೋಜಣಿದಾರ ಒಂದು ಮಾತು ಹೇಳಿದ್ದ.

"ಸಿಕ್ಕರ ಸಿಕ್ಕಿತು ಅಂತ ಬರಿ. ಸಿಗದಿದ್ದರ ಸಿಗಲಿಲ್ಲ ಅಂತ ಬರಿ, ಎಷ್ಟು ಆಳ ಅಗದೀ ಅದನ್ನೂ ಬರಿ. ಹಾಳಾಗಿದೆ ಅಂತ ಬರಿಯೂದು ಒಡೆದ ಚೂರು ಕಣ್ಣಾರೆ ಕಂಡಾಗ ಅಷ್ಟ."

ಬಳೆಗಾರ ತಲೆಯಾಡಿಸಿದ. ಮೊದಲ ಕೆಲವು ವರ್ಷ ಹಾಗೇ ನಡೆದುಕೊಂಡ. ಬೇಲಿಯ ಬುಡದಲ್ಲಿ, ಹಾಳು ಬಾವಿಯ ಪಕ್ಕದಲ್ಲಿ, ಒಮ್ಮೆ ಒಬ್ಬರ ಹಿತ್ತಲಿನ ಬಟ್ಟೆ ಒಗೆಯುವ ಬಂಡೆಯ ಕೆಳಗೆ ಅವನಿಗೆ ಕಲ್ಲು ಸಿಕ್ಕವು. ಮಣ್ಣು ಒರೆಸಿದಾಗ ಬಾಣ ಮೂಡುವುದನ್ನು ನೋಡಿದರೆ ಅವನ ಮೈ ಜುಮ್ಮೆನ್ನುತ್ತಿತ್ತು. ಹೆಸರೂ ಬಂತು. ಅದೇ ಗೀಳಿನ ನಾಲ್ಕೈದು ಮಂದಿ ಆ ಸೀಮೆಯಲ್ಲಿದ್ದರು. ಅವರೆಲ್ಲ ಸಂತೆಯಲ್ಲಿ ಸೇರಿದಾಗ ಬಳೆಗಾರನ ಪುಸ್ತಕವನ್ನು ಬಿಚ್ಚಿಸಿ ನೋಡುತ್ತಿದ್ದರು. ಅವನು ಬರೆದದ್ದೇ ಬರೆದದ್ದು ಎನ್ನುತ್ತಿದ್ದರು.

ಹೆಸರು ಬಂದ ಮೇಲೆ ಸಿಗಲಿಲ್ಲ ಎಂದು ಬರೆಯುವುದು ಕಷ್ಟವಾಯಿತು. ಸಿಗಲಿಲ್ಲ ಎಂದರೆ ಸೋತವನು ತಾನು, ಮತ್ತೊಮ್ಮೆ ಬಂದು ಅಗೆಯಬೇಕಾದವನೂ ತಾನೇ. ಹಾಳಾಗಿದೆ ಎಂದು ಬರೆದುಬಿಟ್ಟರೆ ತಪ್ಪು ಕಲ್ಲಿನದಾಗುತ್ತಿತ್ತು.

ಒಂದು ಕೆರೆ ಇತ್ತು. ಕೆರೆಯ ಹಿಂದೆ ಎತ್ತರದಲ್ಲಿ ಒಂದು ಊರು, ಏರಿಯ ಕೆಳಗೆ ಇನ್ನೊಂದು ಊರು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳಲು ಒಂದು ಕಲ್ಲಿನ ಕೋಡಿ. ಪಟ್ಟಿಯಲ್ಲಿ ಹೀಗಿತ್ತು: ಕೋಡಿಯ ಪೂರ್ವಕ್ಕೆ, ಹುಣಸೆ ಮರದಿಂದ ಹದಿನೆಂಟು ಹೆಜ್ಜೆ. ಕಲ್ಲಿನ ಗೆರೆಯೂ ಕೋಡಿಯ ತಲೆಯೂ ಒಂದೇ ಸಮ.

ಬಳೆಗಾರ ಅಲ್ಲಿಗೆ ಹೋದಾಗ ಪಂಚಮಿಗೆ ನಾಲ್ಕೇ ದಿನ ಉಳಿದಿತ್ತು. ಹಬ್ಬಕ್ಕೆ ಬಳೆ ಇಡಿಸಿಕೊಳ್ಳಲು ಮುಂದಿನ ಊರಿನ ಹೆಂಗಸರು ಕಾಯುತ್ತಿದ್ದರು. ನೆತ್ತಿಯ ಮೇಲೆ ಬಿಸಿಲು. ಹುಣಸೆ ಮರ ಕಡಿದು ಯಾವ ಕಾಲವಾಗಿತ್ತೋ, ಅಲ್ಲಿ ಎರಡು ಮೋಟು ಬೊಡ್ಡೆಗಳಿದ್ದವು. ಅವನು ದಾರಿಗೆ ಹತ್ತಿರದ ಬೊಡ್ಡೆಯಿಂದ ಹದಿನೆಂಟು ಹೆಜ್ಜೆ ಎಣಿಸಿದ. ಮೊಣಕಾಲುದ್ದ ಅಗೆದ. ಬರೀ ಮಣ್ಣು. ಇನ್ನೊಂದು ಬೊಡ್ಡೆಯ ಕಡೆ ನೋಡಿದ. ಅದರ ಸುತ್ತಲೂ ಅಲ್ಲಿಂದ ಕೋಡಿಯ ಕಡೆಗೂ ಜಾಲಿಮುಳ್ಳು ಒತ್ತಾಗಿ ಬೆಳೆದಿತ್ತು.

ಅವನು ನೆರಳಿಗೆ ಬಂದು ಪುಸ್ತಕ ತೆಗೆದು, ಹಾಳಾಗಿದೆ ಎಂದು ಬರೆದ. ಮಲಾರ ಹೊತ್ತು ನಡೆದ. ಆಮೇಲೆ ಆ ಪುಸ್ತಕ ನೋಡಿದ ಒಬ್ಬರೂ ಆ ಕಲ್ಲು ಹುಡುಕಲು ಹೋಗಲಿಲ್ಲ. ಇಲ್ಲದ್ದನ್ನು ಯಾರು ಹುಡುಕುತ್ತಾರೆ?

ನಾಲ್ಕು ವರ್ಷ ಕಳೆಯಿತು. ಹಳೆಯ ಕೋಡಿ ಸಡಿಲಗೊಂಡು ಕುಸಿಯಿತು. ಹೊಸದು ಕಟ್ಟಬೇಕು. ಎಷ್ಟು ಎತ್ತರಕ್ಕೆ ಎಂಬಲ್ಲಿ ಜಗಳ ಹತ್ತಿತು. ಕೋಡಿ ಎತ್ತರವಿದ್ದರೆ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಕೆಳಗಿನ ಊರಿನ ಗದ್ದೆಗೆ ಒಳ್ಳೆಯದು. ಆದರೆ ಹಾಗೆ ನಿಂತ ನೀರು ಹಿಂದಕ್ಕೆ ಸರಿದು ಮೇಲಿನ ಊರಿನ ತಗ್ಗಿನ ಓಣಿಗೆ ಬರುತ್ತದೆ. ಮೊದಲು ಇಲ್ಲಿಯ ತನಕ ಇತ್ತು ಎಂದು ಕೆಳಗಿನ ಊರಿನವರು ಎದೆ ಮುಟ್ಟಿ ತೋರಿಸಿದರು. ಅಲ್ಲ, ಇಲ್ಲಿಯ ತನಕ ಎಂದು ಮೇಲಿನ ಊರಿನವರು ಸೊಂಟ ಮುಟ್ಟಿ ತೋರಿಸಿದರು. ಕೊನೆಗೆ ಒಬ್ಬ ಮುದುಕನಿಗೆ ಸರ್ವೇ ಕಲ್ಲಿನ ನೆನಪಾಯಿತು. ಕಲ್ಲು ಹೇಳಿದಂತೆ ಕಟ್ಟೋಣ ಎಂದು ಎರಡೂ ಊರು ಒಪ್ಪಿದವು. ಕಲ್ಲು ಬಲ್ಲವನು ಯಾರು? ಬಳೆಗಾರ. ಅವನನ್ನು ಮರ್ಯಾದೆಯಿಂದ ಕರೆಸಿ ಕಟ್ಟೆಯ ಮೇಲೆ ಕೂಡಿಸಿದರು.

ಅವನು ಪುಸ್ತಕ ಬಿಚ್ಚಿ ಓದಿದ. ಹಾಳಾಗಿದೆ.

ಜನ ನಿಟ್ಟುಸಿರು ಬಿಟ್ಟರು. ಆಗ ಮೇಲಿನ ಊರಿನ ಒಬ್ಬ ರೈತ ಎದ್ದು ನಿಂತ. ಅವನ ಮನೆ ಇದ್ದದ್ದು ಆ ತಗ್ಗಿನ ಓಣಿಯಲ್ಲೇ. ಅವನ ಮದುವೆಯಲ್ಲಿ ಅವನ ಹೆಂಡತಿಗೆ ಹಸಿರು ಬಳೆ ಇಟ್ಟವನು ಇದೇ ಬಳೆಗಾರ.

"ಬಳೆಗಾರಣ್ಣ, ಅದರ ಚೂರು ನೀ ಕಣ್ಣಾರೆ ನೋಡೀಯೇನು?"

ಬಳೆಗಾರನಿಗೆ ಎರಡನೆಯ ಬೊಡ್ಡೆ ನೆನಪಾಯಿತು. ಜಾಲಿಮುಳ್ಳು ನೆನಪಾಯಿತು. ಇಲ್ಲ ಎನ್ನಲು ಬಾಯಿ ತೆರೆದ. ಎರಡು ಊರಿನ ಜನ ಅವನ ಮುಖವನ್ನೇ ನೋಡುತ್ತಿದ್ದರು. ಅವನ ಗೀಳಿನ ಗೆಳೆಯರಲ್ಲೂ ಇಬ್ಬರು ಅಲ್ಲಿದ್ದರು.

"ಇದ್ದಿದ್ದರ ನನಗ ಸಿಗತಿದ್ದಿಲ್ಲೇನ್ರಿ?" ಎಂದ.

ಇಲ್ಲಿಗೆ ಬಂದಾಗ ಅಜ್ಜಾರು ಒಂದು ಗಳಿಗೆ ನಿಲ್ಲಿಸಿದರು. ಅಡವಯ್ಯ ತಲೆ ಎತ್ತಲಿಲ್ಲ. ಅವರು ಮುಂದುವರಿಸಿದರು.

ಅಷ್ಟು ದೊಡ್ಡ ಹೆಸರಿನವನು ಹಾಗೆಂದ ಮೇಲೆ ಮಾತು ಮುಗಿಯಿತು. ರೈತ ಕೂತುಕೊಂಡ. ಸುತ್ತ ನಾಲ್ಕು ಹರದಾರಿಯಲ್ಲಿ ಬೇರೆ ಕಲ್ಲಿರಲಿಲ್ಲ. ಕಲ್ಲಿಲ್ಲದ ಮೇಲೆ ಉಳಿದದ್ದು ಗಂಟಲು. ಕೆಳಗಿನ ಊರಿನವರು ಹೆಚ್ಚು ಮಂದಿ, ಅವರು ಹೇಳಿದಷ್ಟು ಎತ್ತರಕ್ಕೆ ಕೋಡಿ ಎದ್ದಿತು.

ಎರಡು ವರ್ಷ ಏನೂ ಆಗಲಿಲ್ಲ. ಗದ್ದೆಗಳು ಚೆನ್ನಾಗಿ ಬೆಳೆದವು. ಜಗಳ ಆಡಿದವರೇ ಜಗಳ ಮರೆತರು. ಮೂರನೆಯ ವರ್ಷ ದಸರೆ ಕಳೆದ ಮೇಲೆ ಐದು ದಿನ ಬಿಡದೆ ಮಳೆ ಹಿಡಿಯಿತು. ಐದನೆಯ ದಿನ ಮಧ್ಯಾಹ್ನ, ಕೋಡಿ ಹರಿಯುವ ಮೊದಲೇ ನೀರು ತಗ್ಗಿನ ಓಣಿಗೆ ನುಗ್ಗಿತು. ದನದ ಕೊಟ್ಟಿಗೆಗಳಿದ್ದದ್ದು ಅಲ್ಲಿ. ದನದ ಹಗ್ಗ ಬಿಚ್ಚಲು ಮೂವರು ಗಂಡಸರು ಒಳಗೆ ಹೋದರು. ನೆನೆದ ಮಣ್ಣಿನ ಗೋಡೆ ಅವರ ಮೇಲೆ ಕುಸಿಯಿತು. ಒಬ್ಬರೂ ಉಳಿಯಲಿಲ್ಲ.

ಬಳೆಗಾರನಿಗೆ ಈ ಸುದ್ದಿ ಮುಟ್ಟಿರಲಿಲ್ಲ. ದೀಪಾವಳಿಯ ವ್ಯಾಪಾರಕ್ಕೆಂದು ಅವನು ಮಲಾರ ಹೊತ್ತು ಆ ದಾರಿಯಲ್ಲಿ ಬಂದ. ತುಂಬಿ ಹರಿದ ನೀರು ಕೋಡಿಯ ಪೂರ್ವದ ಮಣ್ಣನ್ನು ಕೊಚ್ಚಿಕೊಂಡು ಹೋಗಿತ್ತು. ಜಾಲಿಕಂಟಿ ಬೇರುಸಹಿತ ಕಿತ್ತು ಬಿದ್ದಿತ್ತು. ಅದು ಇದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ಅಡ್ಡಗೆರೆ, ಗೆರೆಗೆ ತಾಗಿದ ಬಾಣ. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

ಮೊದಲು ಅವನಿಗೆ ಆದದ್ದು ಸಂತೋಷ. ಮಲಾರ ಇಳಿಸಿ ಓಡಿದ. ಧೋತರದ ತುದಿಯಿಂದ ಕೆಸರು ಒರೆಸಿದ. ಬೆರಳಿಂದ ಬಾಣವನ್ನು ತೀಡಿದ. ತಾನು ಅಗೆದಿದ್ದ ಹಳೆಯ ತಗ್ಗು ಇನ್ನೂ ಕಾಣುತ್ತಿತ್ತು, ಅಲ್ಲಿಂದ ಕಲ್ಲಿನ ತನಕ ಹೆಜ್ಜೆ ಹಾಕಿದ. ಒಂಬತ್ತು. ಸಿಕ್ಕಿತು ಎಂದು ಬರೆಯಲು ಪುಸ್ತಕ ತೆಗೆದ. ಬರೆಯುವ ಮೊದಲು, ಪಟ್ಟಿಯಲ್ಲಿದ್ದಂತೆ ಗೆರೆಯೂ ಕೋಡಿಯ ತಲೆಯೂ ಒಂದೇ ಸಮ ಇದೆಯೇ ಎಂದು ಕೂತು, ಗೆರೆಗೆ ಕಣ್ಣು ಹೊಂದಿಸಿ ನೋಡಿದ.

ಹೊಸ ಕೋಡಿಯ ತಲೆ ಗೆರೆಗಿಂತ ಒಂದು ಮೊಳ ಮೇಲಿತ್ತು.

ಅವನು ಪುಸ್ತಕ ಮಡಚಿ ಎದ್ದ. ಮಲಾರ ಹೊತ್ತು ಮೇಲಿನ ಊರಿನ ಕಡೆ ನಡೆದ. ತಗ್ಗಿನ ಓಣಿಯಲ್ಲಿ ಗೋಡೆಗಳು ಬಿದ್ದಿದ್ದವು. ಪ್ರತಿ ವರ್ಷ ಅವನ ದನಿ ಕೇಳಿದರೆ ಸಾಕು, ಹೆಂಗಸರು ನಗುತ್ತ ಹೊರಗೆ ಬಂದು ಕೈ ಚಾಚುತ್ತಿದ್ದರು. ಆ ದಿನ ಯಾರೂ ಬರಲಿಲ್ಲ. ಆ ರೈತನ ಮನೆಯ ಮುಂದೆ ಅವನು ಮಲಾರ ಇಳಿಸಿದ. ರೈತನ ಹೆಂಡತಿ ಹೊಸ್ತಿಲಿಗೆ ಬಂದು ನಿಂತಳು. ಬಳೆಗಾರನ ಕಣ್ಣು ಕಸುಬಿನ ರೂಢಿಯಿಂದ ಅವಳ ಕೈಯ ಮೇಲೆ ಹೋಯಿತು. ಎರಡೂ ಕೈ ಬರಿದಾಗಿದ್ದವು. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಳೆಗಾರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನು ಸುಮ್ಮನೆ ಎದ್ದು ಹೋಗಬಹುದಿತ್ತು. ಕಲ್ಲನ್ನು ಕಂಡವರು ಬೇರೆ ಯಾರೂ ಇರಲಿಲ್ಲ. ಕಂಡರೂ ಅದನ್ನು ಓದಬಲ್ಲವರು ಆ ಊರುಗಳಲ್ಲಿ ಇರಲಿಲ್ಲ.

"ತಂಗಿ, ಆ ಕಲ್ಲು ಹಾಳಾಗಿದ್ದಿಲ್ಲ. ಇವತ್ತು ಸಿಕ್ಕಿತು," ಎಂದ.

ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೇಳಿದಳು. "ನೀ ಹುಡುಕಿದ್ದಲ್ಲಿಂದ ಎಷ್ಟು ದೂರ ಇತ್ತಣ್ಣ?"

"ಒಂಬತ್ತು ಹೆಜ್ಜಿ."

ಅವಳು ಅಂಗಳದ ಮೇಲೆ ಕಣ್ಣಾಡಿಸಿದಳು. ಹೊಸ್ತಿಲಿನಿಂದ ಬಿದ್ದ ಕೊಟ್ಟಿಗೆಯ ತನಕವೂ ಸುಮಾರು ಅಷ್ಟೇ ಇತ್ತು.

"ಅಷ್ಟ?" ಎಂದಳು. ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಆ ಒಂದು ಮಾತು ಬಳೆಗಾರನನ್ನು ಸಾಯುವ ತನಕ ಬಿಡಲಿಲ್ಲ. ಎರಡೂ ಊರಿನವರನ್ನು ಅವನೇ ಸೇರಿಸಿ, ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ತಾನು ಅಗೆದ ತಗ್ಗನ್ನೂ ತೋರಿಸಿದ. ಉಗುಳುವವರು ಉಗುಳಿದರು. ಕೋಡಿಯನ್ನು ಒಂದು ಮೊಳ ಇಳಿಸಿದರು. ಅವನ ಪುಸ್ತಕವನ್ನು ಆಮೇಲೆ ಯಾರೂ ಬಿಚ್ಚಿಸಿ ನೋಡಲಿಲ್ಲ. ಅದರಲ್ಲಿ ಹಾಳಾಗಿದೆ ಎಂದು ಬರೆದದ್ದು ಇನ್ನೂ ಹನ್ನೊಂದು ಇದ್ದವು. ಅವನು ಹಾರೆ ಹಿಡಿದು ಒಂದೊಂದೇ ಜಾಗಕ್ಕೆ ಮತ್ತೆ ಹೋದ.

ಅಜ್ಜಾರು ಕತೆ ನಿಲ್ಲಿಸಿದರು.

"ಆ ಹನ್ನೊಂದು ಅವಗ ಸಿಕ್ಕವೇನ್ರಿ?" ಎಂದು ಅಡವಯ್ಯ ಕೇಳಿದ.

"ಕೆಲವು ಸಿಕ್ಕವು. ಕೆಲವು ಸಿಗಲಿಲ್ಲ. ಸಿಗದಿದ್ದಲ್ಲಿ ಹಾಳಾಗಿದೆ ಅನ್ನೂದು ಹೊಡೆದು ಹಾಕಿ, ಸಿಗಲಿಲ್ಲ ಅಂತ ಬರದ."

ಅಡವಯ್ಯ ಎದ್ದು ಬಾಗಿಲ ಬಳಿಯ ಗಂಟಿಗೆ ಕೈ ಹಾಕಿದ. ಎತ್ತಲೋ ಬಿಡಲೋ ಅವನಿಗೆ ತಿಳಿಯಲಿಲ್ಲ. "ಹಂಗಾದರ ನಾ ಹೋಗಲೋ ಬ್ಯಾಡೋ, ಅಜ್ಜಾರ? ಆ ಮಂದಿ ಕೇಳಿದರ ಇಲ್ಲ ಅನ್ನಲೋ ಬ್ಯಾಡೋ?"

ಅಜ್ಜಾರು ಹೇಳಿದರು: "ಹೋಗು. ಇಲ್ಲ ಅಂತನೂ ಹೇಳು. ಆದರ ಅದಕ್ಕ ಮೊದಲ, ನೀ ಎಷ್ಟು ಆಳ ಅಗದೀ ಅಂತ ಅವರಿಗೆ ತೋರಿಸು."