ಗದ್ದ ಹಿಡಿದ ಕೈ

ನಮ್ಮಜ್ಜಿಯ ಅಜ್ಜಿಗೂ ಹಳೇದಾಗಿದ್ದ ಒಂದಾನೊಂದು ಕಾಲದಲ್ಲಿ ಒಬ್ಬ ಪಾಳೇಗಾರ ಇದ್ದನಂತೆ, ಪುಟ್ಟಿ. ಅವನ ತಾಯಿ ಸಾಯೋ ಮುಂಚೆ ಅವನ ಗದ್ದ ಹಿಡಿದು, ಯಾರೇ ಹಿಂಗೆ ನಿನ್ನ ಗದ್ದ ಹಿಡಿದು ಬೇಡಿದ್ರೂ ಇಲ್ಲ ಅನ್ಬೇಡ ಮಗನೇ ಅಂತ ಭಾಷೆ ತಗೊಂಡಳಂತೆ. ನಾಕು ವರ್ಷ ನಡೆಸಿದ. ಆಮೇಲೆ ಬೇಡೋರು ಹೆಚ್ಚಾದ್ರು. ಭಾಷೆ ಮುರಿಯೋಕೆ ಭಯ, ನಡೆಸೋಕೆ ಮನಸ್ಸಿಲ್ಲ, ಅದಕ್ಕೆ ಎದೆಮಟ್ಟ ಗಡ್ಡ ಬಿಟ್ಟು ಗದ್ದಾನೇ ಮುಚ್ಚಿಬಿಟ್ಟನಂತೆ.

ಅವನ ಕೆನ್ನೆ, ಕುತ್ತಿಗೆ ಕ್ಷೌರ ಮಾಡ್ತಿದ್ದೋನು ಚೌಡಣ್ಣ. ಸೋಮವಾರ ಸೋಮವಾರ ಆ ಗಡ್ಡದೊಳಗೆ ಕೈ ಹಾಕಿ ಗದ್ದ ಎತ್ತಿ ಹಿಡೀತಿದ್ದೋನು ಇಡೀ ಸೀಮೆಗೆ ಅವನೊಬ್ಬನೇ.

ಹೀಗಿರುವಾಗ ಚೌಡಣ್ಣನ ಅಳಿಯ ಗುಡ್ಡಯ್ಯ, ಪಾಳೇಗಾರನ ಬೇಟೆನಾಯಿಗಳು ಅಟ್ಟಿಸಿಕೊಂಡು ಬಂದ ಗಬ್ಬದ ಜಿಂಕೇನ ಹಟ್ಟಿಯೊಳಗೆ ಬಚ್ಚಿಟ್ಟನಂತೆ. ಸುದ್ದಿ ಪಾಳೇಗಾರನ ಕಿವಿಗೆ ಬಿತ್ತು. ಸೋಮವಾರ ಹೊತ್ತು ನೆತ್ತಿಗೆ ಬರೋದ್ರೊಳಗೆ ಗುಡ್ಡಯ್ಯನ್ನ ಕೋಟೆ ಮೇಲಿಂದ ತಳ್ಳಿ ಅಂತ ಅಪ್ಪಣೆಯಾಯ್ತು.

ಮೊದಲು ಗುಡ್ಡಯ್ಯನ ತಾಯಿ ಹೋಗಿ ಗದ್ದಕ್ಕೆ ಕೈ ಚಾಚಿದ್ಲು. ನೀನು ಹಿಡಿದಿದ್ದು ಕೂದಲು ಕಣಮ್ಮ, ಗದ್ದ ಅಲ್ಲ ಅಂದನಂತೆ ಪಾಳೇಗಾರ. ಆಮೇಲೆ ಗುಡ್ಡಯ್ಯನ ಹೆಂಡ್ತಿ, ಚೌಡಣ್ಣನ ಮಗಳು ನಿಂಗಿ ಹೋದ್ಲು. ಅವಳನ್ನ ಕಾವಲಿನೋರು ಮೂರು ಮಾರು ದೂರದಲ್ಲೇ ತಡೆದ್ರು. ಅವಳು ಅಪ್ಪನ ಹತ್ರ ಬಂದು, ನಾಳೆ ನಿನ್ನ ಕತ್ತಿ ಪಾಳೇಗಾರನ ಕುತ್ತಿಗೆ ಮೇಲಿರುವಾಗ್ಲೇ ಕೇಳು ಅಪ್ಪಯ್ಯ, ಕೊಡ್ದೆ ಎಲ್ಲಿ ಹೋಗ್ತಾನೆ ಅಂದ್ಲು. ಚೌಡಣ್ಣ, ಕತ್ತಿ ಹಿಡಿದು ಕೇಳೋದು ಬೇಡೋದಲ್ಲ ಕಣವ್ವ, ಹೆದರಿಸೋದು. ನನ್ನ ನಂಬಿ ಕುತ್ತಿಗೆ ಕೊಟ್ಟೋನು ಅವನು ಅಂದ. ನಿಂಗಿ ಎದ್ದು ನಿಂತು, ನಿನ್ನ ನೇಮ ನೀನು ಇಟ್ಕೋ, ನನ್ನ ತಾಳಿ ನಾನು ಬಿಚ್ಚಿಡ್ತೀನಿ ಅಂದಳಂತೆ. ಆ ಮಾತು ಅವನ ಎದೇಲಿ ಮುಳ್ಳಾಗಿ ನಿಂತಿತು.

ಸೋಮವಾರ ಬಂತು. ಚೌಡಣ್ಣ ಎಂದಿನಂತೆ ಕ್ಷೌರ ಮುಗಿಸಿದ. ಕತ್ತಿ ಮಡಿಸಿ ಚೀಲಕ್ಕೆ ಹಾಕಿದ, ಚೀಲಾನ ಬಾಗಿಲಾಚೆ ಇಟ್ಟು ಬಂದ, ಎರಡೂ ಕೈ ತೊಳ್ಕೊಂಡ. ಆಮೇಲೆ ಮಂಡಿಯೂರಿ ಗಡ್ಡದೊಳಗೆ ಕೈಯಿಟ್ಟು ಗದ್ದ ಹಿಡಿದ. ಕಾವಲಿನೋರು ಕತ್ತಿ ಹಿರಿದು ಅವನ ಕತ್ತಿನ ಮೇಲಿಟ್ರು.

"ಇದು ಕೆಲಸದ ಕೈ ಅಲ್ಲ ಬುದ್ಧಿ, ಬೇಡೋ ಕೈ. ನನ್ನ ಅಳಿಯನ್ನ ಉಳಿಸಿ."

"ನಿನ್ನ ಕೈಲಿ ಕತ್ತಿ ಇದ್ದಾಗ ಯಾಕೆ ಕೇಳ್ಲಿಲ್ಲ?"

"ಆಗ ಕೊಟ್ಟಿದ್ರೆ ಭಯಕ್ಕೆ ಕೊಟ್ಟಂಗಾಗ್ತಿತ್ತು. ನಿಮ್ಮ ತಾಯಿ ಮಾತಿಗೆ ಕೊಟ್ಟಂಗಾಗ್ತಿರ್ಲಿಲ್ಲ."

ಪಾಳೇಗಾರ ಕಣ್ಣು ಮುಚ್ಚಿಕೊಂಡನಂತೆ. ಆಮೇಲೆ ಕೈ ಎತ್ತಿ ಕಾವಲಿನೋರನ್ನ ಹಿಂದಕ್ಕೆ ಸರಿಸಿ, ಗುಡ್ಡಯ್ಯನ್ನ ಬಿಡಿ, ಈ ಗಡ್ಡಾನೂ ಬೋಳಿಸು ಚೌಡಣ್ಣ ಅಂದ. ಚೌಡಣ್ಣ, ಮೊದಲು ಹುಡುಗ ಕೋಟೆ ಇಳಿದು ಬರ್ಲಿ ಬುದ್ಧಿ, ಅಲ್ಲೀವರೆಗೂ ಇದು ಬೇಡೋ ಕೈ, ಕತ್ತಿ ಮುಟ್ಟಲ್ಲ ಅಂದನಂತೆ.

ಗುಡ್ಡಯ್ಯ ಇಳಿದು ಬಂದ, ಚೌಡಣ್ಣ ಆ ಗಡ್ಡ ಬೋಳಿಸಿದ, ನಿಂಗಿ ಅಪ್ಪನ ಕಾಲಿಗೆ ಬಿದ್ಲು, ಎಲ್ಲರೂ ಒಟ್ಟಿಗೆ ಕೂತು ಉಂಡ್ರು. ಆವತ್ತಿಂದ ಆ ಸೀಮೇಲಿ ಯಾರ ಗದ್ದ ಹಿಡೀಬೇಕಾದ್ರೂ ಜನ ಕೈಲಿರೋದನ್ನ ಮೊದಲು ಕೆಳಗಿಡ್ತಾರಂತೆ.

ಕತೆ ಅಲ್ಲಿಗೆ ಮುಗೀತು ಮಗಾ, ಅವರು ಅಲ್ಲಿ ಸುಖವಾಗಿದ್ದಾರೆ, ನೀನು ಇಲ್ಲಿ ಮಲಕ್ಕೋ.