ಎರಡನೆಯ ದೋಣಿ

"ಗುರುಗಳೇ, ಸರ್ಕಾರ ಒಪ್ಪಿದ್ದರಿಂದ ಆಟ ಕಲೆಯಾಗುತ್ತದೆಯೋ, ಕಲೆಯಾಗಿದ್ದರಿಂದ ಸರ್ಕಾರ ಒಪ್ಪುತ್ತದೆಯೋ?"

ಕೇಳಿದವನು ತಿಪ್ಪೇಶ. ಹಿಂದೆ ಗುರುಗಳ ಬಳಿ ಓದಿದವನು. ಈಗ ವಿಡಿಯೋ ಗೇಮ್ ಮಾಡುವುದು ಅವನ ಕಸುಬು. ಸಂಗೀತ, ನಾಟಕ, ಶಿಲ್ಪಗಳ ಸಾಲಿಗೆ ವಿಡಿಯೋ ಗೇಮನ್ನೂ ಸೇರಿಸಬೇಕು, ಒಳ್ಳೆಯದನ್ನು ಮಾಡಿದವರಿಗೆ ಸಾರ್ವಜನಿಕರ ಹಣದಿಂದ ನೆರವು ಕೊಡಬೇಕು ಎಂದು ಸರ್ಕಾರ ತೀರ್ಮಾನಿಸಿತ್ತು. ಮೊದಲ ಆಯ್ಕೆಯಲ್ಲೇ ತಿಪ್ಪೇಶನ ಆಟವಿತ್ತು. ಸಿಹಿ ತಂದು ಗುರುಗಳ ಮುಂದೆ ಇಟ್ಟಿದ್ದ. ಆದರೂ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ.

"ಒಪ್ಪಿಗೆ ಬಂದಿದೆಯಲ್ಲ. ಇನ್ನೇನು ಚಿಂತೆ?" ಎಂದರು ಗುರುಗಳು.

"ಬಂದಿದೆ. ಬಂದಾಗಿನಿಂದ ನೆಮ್ಮದಿಯಿಲ್ಲ. ನಮ್ಮ ಮಾವನವರು ನಿನ್ನೆಯವರೆಗೂ 'ಅಳಿಯ ಮಕ್ಕಳಾಟಿಕೆ ಮಾಡಿಕೊಂಡಿದ್ದಾನೆ' ಎನ್ನುತ್ತಿದ್ದರು. ಇಂದು ಬೆಳಿಗ್ಗೆ ಫೋನ್ ಮಾಡಿ 'ಕಲಾವಿದರು ಹೇಗಿದ್ದೀರಿ' ಎಂದರು. ನಾನು ನಿನ್ನೆಯವನೇ. ಆಟವೂ ನಿನ್ನೆಯದೇ. ಹಾಗಾದರೆ ಬದಲಾದದ್ದು ಏನು?"

ಗುರುಗಳು ಸಿಹಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಕತೆ ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಆಟ ಕಟ್ಟುವವನೊಬ್ಬನಿದ್ದ. ಮಣೆಯನ್ನು ತಾನೇ ಕೆತ್ತುತ್ತಿದ್ದ, ಕಾಯಿಗಳನ್ನು ತಾನೇ ಕಡೆಯುತ್ತಿದ್ದ, ಆಡುವ ನಿಯಮವನ್ನೂ ತಾನೇ ಹೊಸೆಯುತ್ತಿದ್ದ. ಜನ ಜಗಲಿಯ ಮೇಲೆ ಕೂತು ಅವನ ಆಟಗಳನ್ನು ಆಡುತ್ತಿದ್ದರು. ಎದ್ದು ಹೋಗುವಾಗ ಕಟ್ಟಿದವನನ್ನು ಮರೆಯುತ್ತಿದ್ದರು. ಅದೇ ಅವನ ಹೊಟ್ಟೆಯುರಿ. ಆ ರಾಜ್ಯದ ದೊರೆ ಕವಿಗೆ ಪೀಠ ಕೊಟ್ಟಿದ್ದ, ಗಾಯಕನಿಗೆ ಕೊಟ್ಟಿದ್ದ, ಶಿಲ್ಪಿಗೂ ಕೊಟ್ಟಿದ್ದ. ಓಲಗದ ದಿನ ಅವರು ಒಳಗೆ ಕೂರುತ್ತಿದ್ದರು. ಅವರಿಗೆ ವೀಳ್ಯ ಹೋಗುತ್ತಿತ್ತು. ಇವನು ಬಾಗಿಲ ಹೊರಗೆ, ಗಿಲಕಿ ಬುಗುರಿ ಮಾರುವವರ ಜೊತೆ ನಿಲ್ಲುತ್ತಿದ್ದ.

ಅವನ ಊರಿನ ಮುಂದೆ ಹೊಳೆ. ಹೊಳೆಗೆ ಇದ್ದದ್ದು ಒಂದೇ ದೋಣಿ. ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗಿತು. ಅಂಬಿಗ ಕೈಸೋಲುವವರೆಗೆ ಜನರನ್ನು ದಾಟಿಸಿದ. ಕೊನೆಯ ಸಲ ದೋಣಿ ತುಂಬಿತು, ದಡ ಬರಿದಾಗಲಿಲ್ಲ. ಉಳಿದುಹೋದವರಲ್ಲಿ ಆಟ ಕಟ್ಟುವವನ ಹೆಂಡತಿಯ ತಮ್ಮನೂ ಒಬ್ಬ. ಹೊಳೆ ಅವನನ್ನು ಹಿಂದಕ್ಕೆ ಕೊಡಲಿಲ್ಲ.

ಅದಾದ ಮೇಲೆ ಬಹಳ ಕಾಲ ಇವನು ಉಳಿ ಮುಟ್ಟಲಿಲ್ಲ. ಮುಟ್ಟಿದಾಗ ಹೊಳೆಯ ಆಟ ಹುಟ್ಟಿತು.

ಮಣೆಯ ನಡುವೆ ಹೊಳೆ. ಈಚೆ ದಡದಲ್ಲಿ ಇಬ್ಬರು ಆಟಗಾರರ ಕಾಯಿಗಳು. ಮುದುಕರು, ಹೆಂಗಸರು, ಮಕ್ಕಳು, ದನ, ಬೀಜದ ಮೂಟೆ, ಎಲ್ಲಕ್ಕೂ ಒಂದೊಂದು ಕಾಯಿ. ಇಬ್ಬರಿಗೂ ಸೇರಿ ಒಂದೇ ದೋಣಿ. ಕವಡೆ ಯಾರಿಗೆ ಒಲಿಯಿತೋ ಅವರ ಕಾಯಿಗಳು ದಾಟುತ್ತವೆ. ಪ್ರತಿ ಸಲ ಕವಡೆ ಹಾಕಿದಾಗಲೂ ನೀರು ಒಂದು ಗೆರೆ ಮೇಲೇರುತ್ತದೆ. ದನ ಬಿಟ್ಟರೆ ಆಚೆ ದಡದಲ್ಲಿ ಉಳುವಂತಿಲ್ಲ, ಮೂಟೆ ಬಿಟ್ಟರೆ ಬಿತ್ತುವಂತಿಲ್ಲ. ಹೆಚ್ಚು ದಾಟಿಸಿದವರು ಗೆದ್ದಂತೆ, ಆದರೆ ಎಷ್ಟೇ ಜಾಣನಾದರೂ ಎಲ್ಲವನ್ನೂ ದಾಟಿಸಲಾರ. ದೋಣಿಯ ಸರದಿ ಕವಡೆಯ ಕೈಯಲ್ಲಿತ್ತು. ಯಾರನ್ನು ಬಿಡಬೇಕು ಎಂಬುದು ಮಾತ್ರ ಆಡುವವನ ಕೈಯಲ್ಲಿತ್ತು.

ಹೆಂಡತಿ ಆ ಮಣೆಯ ಹತ್ತಿರ ಸುಳಿಯಲಿಲ್ಲ. "ನನ್ನ ಮನೆಯ ಸಾವು ನಿಮಗೆ ಆಟವಾಯಿತೇ?" ಎಂದು ಒಂದೇ ಸಲ ಕೇಳಿದಳು. ಆಮೇಲೆ ಒಂದು ದಿನ ತಾನಾಗಿಯೇ ಬಂದು ಎದುರು ಕೂತಳು. "ಕವಡೆ ಕೊಡಿ" ಎಂದಳು. ಆಡಿದಳು. ಆಟ ಮುಗಿದಾಗ ಅವಳ ಮೂರು ಕಾಯಿ ಈಚೆ ದಡದಲ್ಲಿದ್ದವು. ಅವುಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಆ ಅಂಬಿಗನಿಗೆ ಕಂಡಕಂಡಲ್ಲಿ ಶಾಪ ಹಾಕುತ್ತಿದ್ದೆ. ಇನ್ನು ಬಾಯಿ ಬಾರದು" ಎಂದಳು.

ಅಂದೇ ಅವನಿಗೆ ತಿಳಿಯಿತು, ಈ ಆಟ ಗಿಲಕಿಯ ಸಾಲಿನಲ್ಲಿ ನಿಲ್ಲುವಂಥದ್ದಲ್ಲ. ಮಣೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅರಮನೆಗೆ ಹೋದ. "ಆಟವೂ ಒಂದು ಕಲೆ, ಅದಕ್ಕೂ ಒಂದು ಪೀಠ ಕೊಡಿಸಿ" ಎಂದು ಬೇಡಿಕೊಂಡ.

ದೊರೆ ಪಂಡಿತರ ಮುಖ ನೋಡಿದ. ಪಂಡಿತರು ಮಣೆಯ ಸುತ್ತ ನಿಂತರು.

"ಕಾವ್ಯದಲ್ಲಿ ಕವಿಯ ಮನಸ್ಸಿದೆ, ಶಿಲ್ಪದಲ್ಲಿ ಶಿಲ್ಪಿಯ ಕೈಯಿದೆ. ಆಟದಲ್ಲಿ ನಡೆಯುವುದೆಲ್ಲ ಆಡುವವನದು. ಇದರಲ್ಲಿ ನಿನ್ನದು ಏನಿದೆಯಯ್ಯಾ?" ಎಂದು ಹಿರಿಯ ಪಂಡಿತ ಕೇಳಿದ.

"ಅಕ್ಕಿ ಅಳೆದುಕೊಟ್ಟವನು ಅಡುಗೆಯವನೆಂದು ಹೆಸರು ಕೇಳಿದ ಹಾಗಾಯಿತು" ಎಂದ ಇನ್ನೊಬ್ಬ. ಸಭೆ ನಕ್ಕಿತು.

"ಒಂದು ಸಲ ಆಡಿ ನೋಡಿ, ಸ್ವಾಮೀ" ಎಂದ ಇವನು.

"ಈ ವಯಸ್ಸಿನಲ್ಲಿ ಸಭೆಯ ನಡುವೆ ಚಕ್ಕಳಮಕ್ಕಳ ಹಾಕಿ ಕವಡೆ ಕುಲುಕಲೇ? ನನ್ನ ಮೊಮ್ಮಗ ನೋಡಿದರೆ ನಾಳೆಯಿಂದ ಪಾಠಕ್ಕೆ ಕೂರುವುದಿಲ್ಲ. ಬೇಡಪ್ಪ. ನೋಡಿದರೆ ಸಾಕು, ತಿಳಿಯುತ್ತದೆ" ಎಂದ ಹಿರಿಯ ಪಂಡಿತ.

ಅವರು ನೋಡಿದರು. ಕಾಯಿಗಳನ್ನು ಎತ್ತಿ ಬೆಳಕಿಗೆ ಹಿಡಿದರು. ಹೊಳೆಯ ಅಲೆಗಳನ್ನು ಬೆರಳಿನಿಂದ ಸವರಿದರು. ತಮ್ಮತಮ್ಮಲ್ಲೇ ಚರ್ಚಿಸಿದರು. ಕೊನೆಗೆ ಹಿರಿಯ ಪಂಡಿತ ತೀರ್ಪು ಹೇಳಿದ: "ಕೆತ್ತನೆ ಸೊಗಸಾಗಿದೆ. ಇದನ್ನು ಶಿಲ್ಪದಲ್ಲೇ ಒಂದು ಕಿರಿಯ ಬಗೆಯೆಂದು ಸೇರಿಸಿಕೊಳ್ಳಬಹುದು."

ಇವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪೀಠ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಹೂಂ ಎಂದರೆ ಸಾಕು. ಆದರೆ ಅವರು ಮೆಚ್ಚಿದ್ದು ಮರವನ್ನು. ಆಟವನ್ನು ಅವರು ಕಂಡೇ ಇರಲಿಲ್ಲ. ಹೂಂ ಎನ್ನಲೂ ಆಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. ಸುಮ್ಮನೆ ಕೈಮುಗಿದು ನಿಂತ.

ದೊರೆಗೆ ಆ ದಿನ ಬೇರೆ ಕೆಲಸವಿರಲಿಲ್ಲ. "ಮಂತ್ರಿಗಳೇ, ಬನ್ನಿ, ನಾವೇ ಆಡೋಣ" ಎಂದು ಮಣೆಯ ಮುಂದೆ ಕೂತ.

ಮೊದಮೊದಲು ಹಾಸ್ಯ ನಡೆಯಿತು. ನೀರು ಏರಿದಂತೆ ಮಾತು ಇಳಿಯಿತು. ಕೊನೆಯ ಸಲ ದೋಣಿ ದೊರೆಯ ಪಾಲಿಗೆ ಬಂದಾಗ ಅದರಲ್ಲಿ ಒಂದೇ ಕಾಯಿಗೆ ಜಾಗವಿತ್ತು. ದಡದಲ್ಲಿ ಅವನವು ಎರಡಿದ್ದವು. ಒಂದು ಮುದುಕಿ, ಇನ್ನೊಂದು ಬೀಜದ ಮೂಟೆ. ದೊರೆಯ ಕೈ ಸ್ವಲ್ಪ ಹೊತ್ತು ಮೇಲೆಯೇ ನಿಂತಿತು. ಆಮೇಲೆ ಮೂಟೆಯನ್ನು ಎತ್ತಿ ದೋಣಿಯಲ್ಲಿಟ್ಟ. ನೀರು ಕೊನೆಯ ಗೆರೆ ಮುಟ್ಟಿತು.

"ಪ್ರಭುಗಳು ಗೆದ್ದರು!" ಎಂದು ಸಭೆ ಜಯಕಾರ ಮಾಡಿತು. ದೊರೆ ಮುದುಕಿಯ ಕಾಯಿಯನ್ನೇ ನೋಡುತ್ತಿದ್ದ. ಎದ್ದು ಒಳಗೆ ಹೋದ.

ಮರುದಿನ ಇವನಿಗೆ ಕರೆ ಬಂತು. ದೊರೆಯ ಮುಖದಲ್ಲಿ ನಿದ್ದೆಯ ಗುರುತಿರಲಿಲ್ಲ.

"ನಾಟಕಗಳಲ್ಲಿ ರಾಜರು ಹೆಂಡಿರನ್ನು ಕಾಡಿಗೆ ಅಟ್ಟಿದ್ದನ್ನು ನೋಡಿದ್ದೇನೆ. ಅತ್ತಿದ್ದೇನೆ. ಮುಖ ತೊಳೆದು ಉಂಡಿದ್ದೇನೆ. ಅಲ್ಲಿ ಬಿಟ್ಟವನು ಬೇರೆ ಯಾವನೋ. ನಿನ್ನೆ ಬಿಟ್ಟವನು ನಾನು. ಆಡುವವನದೇ ಎಲ್ಲ ಎಂದು ಪಂಡಿತರು ಹೇಳಿದರಲ್ಲ, ಅದೇ ನಿನ್ನ ಕೈಚಳಕ. ನಿನ್ನದು ಕಲೆಯೇ. ನನಗೆ ಅನುಮಾನವಿಲ್ಲ" ಎಂದ ದೊರೆ.

ಇವನ ಕಣ್ಣಲ್ಲಿ ನೀರು ಬಂತು.

"ಪೀಠ ಕೊಡುತ್ತೇನೆ, ಉಂಬಳಿ ಕೊಡುತ್ತೇನೆ. ರಾಜ್ಯದ ಪ್ರತಿಯೊಂದು ಪಾಠಶಾಲೆಗೂ ಬೊಕ್ಕಸದ ಖರ್ಚಿನಲ್ಲಿ ಈ ಮಣೆ ಹೋಗಲಿ. ಒಂದು ಸಣ್ಣ ಮಾತು. ಎರಡನೆಯ ದೋಣಿಯೊಂದನ್ನು ಕೆತ್ತಿ ಸೇರಿಸು. ರಾಜ್ಯದ ಮುದ್ರೆ ಬೀಳುವ ಆಟದಲ್ಲಿ ಪ್ರಜೆಗಳು ದಡದಲ್ಲಿ ಉಳಿಯಬಾರದು."

"ಅಪ್ಪಣೆ, ಮಹಾಪ್ರಭೂ" ಎಂದ ಇವನು.

ನೆಲಕ್ಕೆ ಕಾಲು ತಾಗದವನ ಹಾಗೆ ಊರಿಗೆ ನಡೆದ. ಒಂದು ಪುಟ್ಟ ದೋಣಿ ತಾನೇ! ಅದನ್ನು ಕೆತ್ತಲು ಅರ್ಧ ದಿನ ಬೇಡ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡ. ಗಿಲಕಿ ಮಾರುವವನು "ಇನ್ನು ನಮ್ಮ ಗುರುತು ಹಿಡಿಯುತ್ತೀಯೋ ಇಲ್ಲವೋ!" ಎಂದ. ಹೇಳಿಕೊಂಡಷ್ಟೂ ಒಳಗೆ ಏನೋ ಕಚ್ಚತೊಡಗಿತು. ನಡಿಗೆ ಚುರುಕು ಮಾಡಿದ. ಮನೆಗೆ ಬಂದವನೇ ದೋಣಿ ಕೆತ್ತಿದ. ಇದುವರೆಗೆ ಕೆತ್ತಿದ್ದರಲ್ಲೆಲ್ಲ ಅದೇ ಚೆಂದವಾಗಿ ಬಂತು. ಅದನ್ನು ಮಣೆಯ ಮೇಲಿಟ್ಟು ಹೆಂಡತಿಯನ್ನು ಕರೆದ.

ಇಬ್ಬರೂ ಆಡಿದರು. ನೀರು ಕೊನೆಯ ಗೆರೆಗೆ ಬರುವ ಮುಂಚೆಯೇ ಇಬ್ಬರ ಕಾಯಿಗಳೂ ಆಚೆ ದಡ ಸೇರಿದವು. ಮುದುಕರು, ಮಕ್ಕಳು, ದನ, ಮೂಟೆ, ಒಂದೂ ಉಳಿಯಲಿಲ್ಲ.

"ಎಲ್ಲರೂ ದಾಟಿದರು" ಎಂದಳು ಹೆಂಡತಿ.

"ದಾಟಿದರು. ದೊರೆಯ ಅಪ್ಪಣೆ. ಇನ್ನು ಊರೂರಿನ ಮಕ್ಕಳು ಇದನ್ನು ಆಡುತ್ತಾರೆ."

"ಆಡಿ ಏನು ಕಲಿಯುತ್ತಾರೆ? ಸರಿಯಾಗಿ ಆಡಿದರೆ ಯಾರೂ ಈಚೆ ದಡದಲ್ಲಿ ಉಳಿಯುವುದಿಲ್ಲ ಎಂದು ತಾನೇ?"

"ಹೌದು."

"ಹಾಗಾದರೆ ನನ್ನ ತಮ್ಮ ಆಟ ಬಾರದೆ ದಡದಲ್ಲಿ ಉಳಿದನೇ?"

ಅವಳು ಎದ್ದು ಒಲೆಯ ಕಡೆ ಹೋದಳು. ಅವಳು ಬೈದಿದ್ದರೆ ಅವನು ಎದುರಾಡುತ್ತಿದ್ದ. ಪೀಠ ಬಂದರೆ ನಿನಗೂ ಮರ್ಯಾದೆ ಎನ್ನುತ್ತಿದ್ದ, ದೊರೆಯ ಮಾತು ಮೀರಲು ನಾನು ಯಾರು ಎನ್ನುತ್ತಿದ್ದ. ಆ ಮಾತುಗಳೆಲ್ಲ ಸಿದ್ಧವಾಗಿದ್ದವು. ಅವಳು ಬೈಯಲಿಲ್ಲ.

ಅವನು ಹೊಳೆಯ ದಂಡೆಗೆ ಹೋದ. ಅಂಬಿಗನ ಹಳೆಯ ದೋಣಿ ಗೂಟಕ್ಕೆ ಕಟ್ಟಿತ್ತು. ಒಂದೇ. ಹಿಂದಕ್ಕೆ ಬಂದ. ಮತ್ತೆ ಹೋದ. ಹೀಗೆ ಕೆಲವು ದಿನ ಕಳೆದವು. ಅರಮನೆಯಿಂದ ಇನ್ನೊಮ್ಮೆ ಕರೆ ಬಂತು.

ಓಲಗ ಕೂಡಿತ್ತು. ಹೊಸ ಪೀಠವೊಂದನ್ನು ಹಾಕಿದ್ದರು. ಅದಕ್ಕೆ ಹೊದಿಸಿದ ಬಟ್ಟೆಯ ಮಡಿಕೆ ಇನ್ನೂ ಮಾಸಿರಲಿಲ್ಲ. ಇವನು ಮಣೆಯನ್ನು ಇಳಿಸಿದ. ಮಣೆಯ ಮೇಲೆ ಒಂದೇ ದೋಣಿಯಿತ್ತು. ಇನ್ನೊಂದು ಅವನ ಅಂಗೈಯಲ್ಲಿತ್ತು. ಅದನ್ನು ದೊರೆಯ ಮುಂದೆ ಹಿಡಿದ.

"ಎರಡನೆಯ ದೋಣಿ ಕೆತ್ತಿದ್ದೇನೆ, ಪ್ರಭೂ. ಆದರೆ ಇದನ್ನು ಮಣೆಯ ಮೇಲೆ ಇಡುವ ಮೊದಲು ತಾವು ಹೊಳೆಯಲ್ಲಿ ಒಂದನ್ನು ಇಳಿಸಬೇಕು. ಹೊಳೆಯಲ್ಲಿ ಎರಡು ತೇಲಿದ ದಿನ ಮಣೆಯಲ್ಲೂ ಎರಡು ಇಡುತ್ತೇನೆ."

"ನಾಲಗೆ ಎಷ್ಟು ಉದ್ದ!" ಎಂದ ಹಿರಿಯ ಪಂಡಿತ.

ದೊರೆ ಕೈಯೆತ್ತಿ ಅವನನ್ನು ತಡೆದ. "ನಿನಗೆ ಪೀಠ ಬೇಡವೇ?"

"ಬೇಕು, ಪ್ರಭೂ. ಹುಡುಗನಾಗಿದ್ದಾಗಿನಿಂದ ಬೇಕು. ಈ ಗಳಿಗೆಯಲ್ಲೂ ಬೇಕು." ಇವನು ಅಂಗೈ ಮುಚ್ಚಿ ದೋಣಿಯನ್ನು ಹಿಡಿದುಕೊಂಡ. "ಆದರೆ ಹೊಳೆಯಲ್ಲಿ ಒಂದೇ ದೋಣಿ ಇರುವಾಗ ಮಣೆಯಲ್ಲಿ ಎರಡು ಇಟ್ಟರೆ, ದಡದಲ್ಲಿ ಉಳಿದವರು ತಮ್ಮ ತಪ್ಪಿನಿಂದಲೇ ಉಳಿದರು ಎಂದಾಗುತ್ತದೆ. ಆ ಮಾತನ್ನು ನನ್ನ ಕೈಯಿಂದ ಮಣೆಯ ಮೇಲೆ ಇಡಲಾರೆ."

ದೊರೆ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಮಣೆ ಇಲ್ಲೇ ಇರಲಿ. ನೀನು ಹೋಗು" ಎಂದ.

ಅವನು ಹೋದ. ಶಿಕ್ಷೆಯಾಗಲಿಲ್ಲ, ಪೀಠವೂ ಆಗಲಿಲ್ಲ. ಮನೆಗೆ ಬಂದ ಮೇಲೆ ತಾನು ಮಾಡಿದ್ದು ಸರಿಯೆಂದು ಅರ್ಧ ದಿನ ಅನ್ನಿಸುತ್ತಿತ್ತು, ಉಳಿದರ್ಧ ದಿನ ತನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಎನ್ನಿಸುತ್ತಿತ್ತು. ಮಕ್ಕಳೆಲ್ಲ ಆಡಬಹುದಾಗಿದ್ದ ಆಟವನ್ನು ತಾನೇ ಬಾಗಿಲಲ್ಲಿ ತಡೆದೆನೇ ಎಂದು ಕೊರಗಿದ. ಬೇಸಗೆ ಮುಗಿಯುತ್ತ ಬಂತು. ಅರಮನೆಯಲ್ಲಿ ಕಸ ಗುಡಿಸುವವನೊಬ್ಬ ಆ ದಾರಿಯಾಗಿ ಬಂದಾಗ ಒಂದು ಸುದ್ದಿ ಹೇಳಿದ. ದೊರೆ ಆಸ್ಥಾನದ ಹೊಸ ಪೀಠವನ್ನು ತೆಗೆಸಲೂ ಇಲ್ಲ, ಅದರ ಮೇಲೆ ಯಾರನ್ನೂ ಕೂರಿಸಲೂ ಇಲ್ಲವಂತೆ. ಆದರೆ ಹೊಳೆಯ ಸುಂಕ ಎತ್ತುವ, ದೋಣಿಗಳನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಕರೆಸಿ ಮಣೆಯ ಮುಂದೆ ಕೂರಿಸಿದನಂತೆ. ಅಧಿಕಾರಿ ನಗುನಗುತ್ತ ಕೂತನಂತೆ. ಏಳುವಾಗ ನಗುತ್ತಿರಲಿಲ್ಲವಂತೆ.

ಇವನು ಆ ಮಾತಿಗೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಇನ್ನೊಂದು ಮರದ ತುಂಡು ತೆಗೆದುಕೊಂಡು ಹೊಸ ಮಣೆಗೆ ಗೆರೆ ಹಾಕಿದ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ತಿಪ್ಪೇಶ ಕಾದ. "ಆ ಮಳೆಗಾಲಕ್ಕೆ ಹೊಳೆಯಲ್ಲಿ ಎರಡನೆಯ ದೋಣಿ ಬಂತೇ, ಗುರುಗಳೇ?" ಎಂದು ಕೇಳಿದ.

"ಅದು ದೊರೆಯ ಕತೆ. ನೀನು ಕೇಳಿದ್ದು ಆಟ ಕಟ್ಟುವವನ ಕತೆ. ಇರಲಿ, ನಿನ್ನ ಆಟದಲ್ಲಿ ಏನನ್ನು ಬದಲಿಸಬೇಕೆಂದು ಅವರು ಕೇಳಿದರು?"

"ಏನೂ ಇಲ್ಲ, ಗುರುಗಳೇ!" ತಿಪ್ಪೇಶನ ಮುಖ ಅರಳಿತು. "ಆ ಮಟ್ಟಿಗೆ ನಾನು ಪುಣ್ಯವಂತ. ಒಂದು ಅಕ್ಷರವನ್ನೂ ಬದಲಿಸಿ ಎನ್ನಲಿಲ್ಲ. ಆಯ್ಕೆ ಸಮಿತಿಯವರೆಲ್ಲ ಒಮ್ಮತದಿಂದ ಮೆಚ್ಚಿದರು. ಯಾರಿಗೂ ಯಾವ ತಕರಾರೂ ಇರಲಿಲ್ಲ."

"ಹಾಗಾದರೆ ಅವರು ಅದನ್ನು ಆಡಿಲ್ಲ, ಇಲ್ಲವೇ ನೀನು ಆಡಿದವರ ನಿದ್ದೆ ಕೆಡಿಸುವಂಥದ್ದನ್ನು ಮಾಡಿಲ್ಲ" ಎಂದರು ಗುರುಗಳು.